ಮಾರ್ಶ್, ಸ್ವಾಂಪ್, ಬಾಗ್, ಫೆನ್: ಎಲ್ಲವೂ ಒಂದೇ ಜೌಗಾ?

ಕೆಸರುಕಾಲು:
ಇಂಗ್ಲಿಷ್‌ನಲ್ಲಿ ನಾಲ್ಕು ಹೆಸರು, ಕನ್ನಡದಲ್ಲಿ ಎಲ್ಲಕ್ಕೂ ಜೌಗು ಅಂತ ಬರೆದು ಮುಗಿಸುತ್ತಾರೆ. ನಿಜವಾಗಿ ಬೇರೆ ಬೇರೆನಾ, ಸುಮ್ನೆ ಹೆಸರಿಗಾ? ಇನ್ನೊಂದು, ಒಣಗಿಸಿಬಿಟ್ಟ ಜೌಗಿನಲ್ಲಿ ಜೊಂಡು ನೆಟ್ಟರೆ ಮೊದಲಿನ ಹಾಗೆ ಆಗುತ್ತದಾ?

ನೀರುಕೋಳಿ:
ಬೇರೆ ಬೇರೆನೇ. ಏನು ಬೆಳೆದಿದೆ, ನೀರು ಎಲ್ಲಿಂದ ಬರುತ್ತದೆ, ಇಷ್ಟು ನೋಡಿ ಸಾಕು. ಜೊಂಡು, ಹುಲ್ಲು ಇದ್ದರೆ ಮಾರ್ಶ್. ಮರಗಳೇ ನೀರಲ್ಲಿ ನಿಂತಿದ್ದರೆ ಸ್ವಾಂಪ್, ಕಾಂಡ್ಲಾ ಕಾಡೂ ಇದೇ ಗುಂಪು. ಅಂತರ್ಜಲ ಒಸರಿ ನಿಲ್ಲುವುದು ಫೆನ್. ಬಾಗ್‌ಗೆ ಮಾತ್ರ ಮಳೆ ನೀರೇ ಗತಿ, ಅದಕ್ಕೇ ಅಲ್ಲಿ ನೀರು ಹುಳಿ, ಪೋಷಕಾಂಶ ಕಡಿಮೆ, ಹುಳ ಹಿಡಿದು ತಿನ್ನುವ ಗಿಡಗಳು ಅಲ್ಲಿ ಕಾಣುವುದೂ ಅದಕ್ಕೇ. ಅಲ್ಲಿನ ಸ್ಫ್ಯಾಗ್ನಮ್ ಪಾಚಿಯನ್ನು ಒಂದು ಹಿಡಿ ಕಿತ್ತು ಹಿಂಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಸುರಿಯುತ್ತದೆ. ಈ ಪಾಚಿ ಸತ್ತ ಮೇಲೆ ಪೂರ್ತಿ ಕೊಳೆಯದೆ, ವರ್ಷಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಪೀಟ್ ಆಗಿ ಪೇರುತ್ತದೆ. ಪ್ರಪಂಚದ ನೆಲದಲ್ಲಿ ಪೀಟ್ ಇರುವುದು ಬರೀ 3%, ಆದರೂ ಎಲ್ಲ ಕಾಡುಗಳ ಮರಗಿಡಗಳಿಗಿಂತ ಜಾಸ್ತಿ ಇಂಗಾಲ ಅದರೊಳಗಿದೆ.

ತೂಬು:
ಇಂಗಾಲ ಒಂದೇ ಅಲ್ಲ ಸ್ವಾಮಿ. ಹೊಲದ ಗೊಬ್ಬರದಿಂದ ಹರಿದು ಬರುವ ನೈಟ್ರೇಟನ್ನು ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾಗಳು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಖರ್ಚಿಲ್ಲದ ಶುದ್ಧೀಕರಣ ಘಟಕ, ಅಲ್ವಾ?

ಹಳೇಗುದ್ದಲಿ:
ನೆಡುವುದು ಆಮೇಲೆ, ಮೊದಲು ಬಸಿಗಾಲುವೆ ಮುಚ್ಚಿ. ನಾವೊಮ್ಮೆ ಜೊಂಡು ನೆಟ್ಟು ಫೋಟೋ ಎಲ್ಲ ತೆಗೆಸಿಕೊಂಡು ಬಂದೆವು, ಆದರೆ ಹಳೇ ಬಸಿಗಾಲುವೆಯೊಂದು ಹುಲ್ಲಿನಡಿ ಹರಿಯುತ್ತಲೇ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಬೇಸಿಗೆಗೆ ಮುಂಚೆಯೇ ಎಲ್ಲ ಒಣಗಿತು. ಮುಂದಿನ ವರ್ಷ ಕಾಲುವೆಗೆ ಮಣ್ಣು ತುಂಬಿದೆವು, ಏನೂ ನೆಡಲಿಲ್ಲ. ಮಣ್ಣಲ್ಲಿ ಮಲಗಿದ್ದ ಹಳೇ ಬೀಜಗಳೇ ಎದ್ದು ಬಂದವು.
ಪೀಟ್ ಒಣಗಿದ್ದರೆ ಮಾತ್ರ ಕಷ್ಟ. ಇಂಗ್ಲೆಂಡಿನ ಹೋಮ್ ಎಂಬಲ್ಲಿ 1851ರ ಸುಮಾರಿಗೆ ನೆಲಮಟ್ಟಕ್ಕೆ ಹೂತ ಕಬ್ಬಿಣದ ಕಂಬ ಈಗ ಸುಮಾರು 4 ಮೀಟರ್ ಹೊರಗಿದೆ. ನೀರು ಬಸಿದ ಮೇಲೆ ನೆಲ ಅಷ್ಟು ಕುಗ್ಗಿದೆ.

ಕೆಸರುಕಾಲು:
ಅಯ್ಯೋ. ಆದರೆ ಮತ್ತೆ ನೀರು ನಿಲ್ಲಿಸಿದರೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬರುತ್ತದೆ ಅಂತಾರಲ್ಲ?

ನೀರುಕೋಳಿ:
ಬರುತ್ತದೆ, ಸುಳ್ಳಲ್ಲ. ಆದರೆ ಮೀಥೇನ್ ಗಾಳಿಯಲ್ಲಿ ಸರಾಸರಿ ಹತ್ತು ಹನ್ನೆರಡು ವರ್ಷ ಉಳಿಯುತ್ತದೆ, ಒಣಗಿದ ಪೀಟ್ ಬಿಡುವ ಕಾರ್ಬನ್ ಡೈಆಕ್ಸೈಡ್ ಪೇರುತ್ತಲೇ ಹೋಗುತ್ತದೆ. ನೀರನ್ನು ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಿಸಿ. ಕೆರೆಯ ಹಾಗೆ ತುಂಬಿಸಿಟ್ಟರೆ ಮೀಥೇನ್ ಜಾಸ್ತಿ.