ಸಂಕನ್ ಸ್ಲ್ಯಾಬ್ ತುಂಬುವ ಮುಂಚೆ ಡ್ರೈನೇಜ್ ಪೈಪಲ್ಲಿ ಏನೇನು ನೋಡಬೇಕು?

ಮನೆ ಕಟ್ಟಿಸುತ್ತಿರುವವರು, ಹಾಸನ: ಮೊದಲನೇ ಮಹಡಿಯಲ್ಲಿ ಎರಡು ಬಾತ್‌ರೂಮು, ಒಂದು ಅಡುಗೆಮನೆ. ಪೈಪ್ ಅಡಗಿಸಲು ಸ್ಲ್ಯಾಬನ್ನು 12 ಇಂಚು ತಗ್ಗಿಸಿ ಸಂಕನ್ ಬಿಟ್ಟಿದ್ದಾರೆ. ಮುಂದಿನ ವಾರ ಪೈಪ್ ಕೂರಿಸಿ ಇಟ್ಟಿಗೆ ಚೂರು ತುಂಬುತ್ತಾರಂತೆ. ಅಷ್ಟರೊಳಗೆ ಯಾವುದನ್ನು ನಿಂತು ನೋಡಿಕೊಳ್ಳಬೇಕು? ತಿಳಿದವರು ಹೇಳಿ.

ಪ್ಲಂಬರ್, ಹಾಸನ: ಸಾರ್, ಮೊದಲು ಕಮೋಡ್ ಮಾಡೆಲ್ ಗೊತ್ತುಮಾಡಿ, ಆಮೇಲೆ ಪೈಪ್. ಎಸ್ ಟ್ರ್ಯಾಪಲ್ಲಿ, ಅಂದರೆ ಪೈಪ್ ನೆಲದೊಳಕ್ಕೆ ಇಳಿಯುವ ಮಾಡೆಲಲ್ಲಿ, ಗೋಡೆಯಿಂದ ಪೈಪಿನ ಸೆಂಟರ್‌ಗೆ 9 ಇಂಚಿನದೂ ಇದೆ, 12 ಇಂಚಿನದೂ ಇದೆ. ಆ ಅಳತೆ ಟೈಲ್ಸ್ ಮುಗಿದ ಗೋಡೆಯಿಂದ. ಈಗ ಕಾಣುತ್ತಿರುವುದು ಬರೀ ಇಟ್ಟಿಗೆ ಗೋಡೆ. ಗಿಲಾವು, ಟೈಲ್ಸ್ ಸೇರಿ ಸುಮಾರು ಒಂದೂವರೆ ಇಂಚು ಮುಂದೆ ಬರುತ್ತದೆ. ಅದನ್ನು ಮರೆತರೆ 12 ಇಂಚಿನ ಕಮೋಡ್ ಗೋಡೆಗೆ ತಾಗಿ ಕೂರುವುದೇ ಇಲ್ಲ.

ಇನ್ನು ವಾಟ, ಅಂದರೆ ಪೈಪಿನ ಇಳಿಜಾರು. 4 ಇಂಚಿನ ಪೈಪಿಗೆ 10 ಅಡಿಗೆ 2ರಿಂದ 2.5 ಇಂಚು, ಬೇಸಿನ್ನಿನ 2 ಇಂಚಿನ ಪೈಪಿಗೆ 3 ಇಂಚು. ಎರಡು ತುದಿ ಅಳೆದರೆ ಸಾಲದು, ರಸಮಟ್ಟವನ್ನು ಪೈಪಿನುದ್ದಕ್ಕೂ ಅಲ್ಲಲ್ಲಿ ಇಟ್ಟು ನೋಡಿ. ಕೆಳಗೆ ಸಡಿಲ ಇಟ್ಟಿಗೆ ಕೊಟ್ಟು ಹಾಗೇ ಚೂರು ಸುರಿದರೆ ಪೈಪ್ ನಡುವೆ ಜಗ್ಗುತ್ತದೆ. ಜಗ್ಗಿದಲ್ಲಿ ನೀರು ನಿಂತು ಗಸಿ ಕೂರುತ್ತದೆ. ಮೂರು ಮೂರು ಅಡಿಗೊಂದು ಸಿಮೆಂಟ್ ಗಾರೆಯ ಗುಡ್ಡೆ ಹಾಕಿಸಿ, ಪೈಪ್ ಅದರ ಮೇಲೆ ಕೂರಲಿ. ಕೀಲೆಲ್ಲ ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿಯೇ ಸೇರಿಸಬೇಕು.

ಪ್ಲಂಬರ್, ಮೂಡಿಗೆರೆ: ಸಾಲ್ವೆಂಟ್ ಮಾತು ಸಂಕನ್ ಒಳಗೆ ಸರಿ ಅಣ್ಣಾ, ಹೊರಗೋಡೆಯ ಪೈಪಿಗೆ ರಬ್ಬರ್ ರಿಂಗೇ ಬೇಕು. ಬಿಸಿಲಿಗೆ ಪೈಪ್ ಹಿಗ್ಗುತ್ತದೆ. ತುದಿಯನ್ನು ಅರದಲ್ಲಿ ಉಜ್ಜಿ, ಸೋಪು ನೀರು ಸವರಿ, ಪೂರ್ತಿ ತಳ್ಳಿ, ಮತ್ತೆ 10 ಮಿ.ಮೀ. ಹಿಂದಕ್ಕೆ ಎಳೆದು ಬಿಡಬೇಕು. ಪೈಪಿನ ಮೇಲೆ ಐಎಸ್ 13592 (ಭಾರತೀಯ ಮಾನಕದ ನಂಬರು), ಟೈಪ್ ಬಿ ಅಂತ ಅಚ್ಚಿರಬೇಕು. ಟೈಪ್ ಎ ಇರುವುದು ಮಳೆನೀರಿಗೆ, ಗಾಳಿ ಪೈಪಿಗೆ.

ಹೊರಗೋಡೆಯ 4 ಇಂಚಿನ ಪೈಪನ್ನು ಅದೇ ಅಳತೆಯಲ್ಲಿ ಟೆರೇಸ್ ದಾಟಿಸಿ ಮೇಲೆ ಕೌಲ್ (ಗಾಳಿ ಆಡುವ ಮುಚ್ಚಳ) ಹಾಕಿ. ಗಾಳಿ ಸಿಗದಿದ್ದರೆ ಫ್ಲಶ್ ಮಾಡಿದಾಗಲೆಲ್ಲ ನಹಾನಿ ಟ್ರ್ಯಾಪಿನಲ್ಲಿ (ಬಾತ್‌ರೂಮು ನೆಲದ ಜಾಲರಿ ಕೆಳಗಿನ ಬಟ್ಟಲು) ವಾಸನೆ ತಡೆಯಲು ನಿಂತ ನೀರು ಗುಳುಗುಳು ಅಂತ ಎಳೆದುಹೋಗಿ ಮನೆ ತುಂಬಾ ವಾಸನೆ. ಟ್ರ್ಯಾಪಲ್ಲಿ 2 ಇಂಚು ನೀರು ನಿಲ್ಲಲೇಬೇಕು.

ನಮ್ಮ ಕಡೆ ಮಳೆಗೆ ಇನ್ನೊಂದು ಎಚ್ಚರ: ಟೆರೇಸ್ ನೀರನ್ನು ಈ ಪೈಪಿಗೆ ಸೇರಿಸಬೇಡಿ. ಅಷ್ಟು ಮಳೆನೀರು ಒಟ್ಟಿಗೆ ಬಂದರೆ ಸೆಪ್ಟಿಕ್ ಟ್ಯಾಂಕಿನ ಗಸಿಯೆಲ್ಲ ಇಂಗುಗುಂಡಿಗೆ ನುಗ್ಗಿ ಗುಂಡಿ ಕಟ್ಟಿಕೊಳ್ಳುತ್ತದೆ.

ಮೇಸ್ತ್ರಿ, ಚಿಕ್ಕಮಗಳೂರು: ಅಡುಗೆಮನೆ ಲೈನ್ ಬೇರೆಯೇ ಇರಲಿ, 3 ಇಂಚಿನದು, ನೇರ ಗಲ್ಲಿ ಟ್ರ್ಯಾಪಿಗೆ (ಮನೆ ಹೊರಗೆ ನೆಲದಲ್ಲಿ ಕೂರಿಸುವ ಟ್ರ್ಯಾಪು). ಎಣ್ಣೆ ಜಿಡ್ಡು, ಕಾಫಿ ಗಸಿ ಎರಡೂ ಸೇರಿದರೆ ಗಟ್ಟಿ ಹೆಂಟೆ. ತಿರುವಿನಲ್ಲಿ 90ರ ಬೆಂಡ್ ಒಂದರ ಬದಲು 45ರವು ಎರಡು, ಕೈಗೆ ಸಿಗುವ ಕಡೆ ಡೋರ್ ಇರುವ ಬೆಂಡ್. ಸಂಕನ್ನಿನ ತಳಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ಒಂದೂವರೆ ಇಂಚಿನ ಪೈಪೊಂದನ್ನು ಹೊರಗೆ ಬಿಡಿಸಿ. ಮುಂದೆ ಎಲ್ಲಾದರೂ ಸೋರಿದರೆ ಅಲ್ಲಿ ತೊಟ್ಟಿಕ್ಕಿ ಗೊತ್ತಾಗುತ್ತದೆ, ಕೆಳಗಿನ ಮನೆ ಸೀಲಿಂಗ್ ಒದ್ದೆಯಾಗುವವರೆಗೆ ಕಾಯಬೇಕಾಗಿಲ್ಲ.

ತುಂಬುವ ಮುಂಚೆ ಕೆಳತುದಿ ಮುಚ್ಚಿ, ಟ್ರ್ಯಾಪಿನ ಬಾಯಿವರೆಗೆ ನೀರು ತುಂಬಿ, ಗುರುತು ಹಾಕಿ 24 ಗಂಟೆ ಬಿಡಿ.

ಮನೆ ಕಟ್ಟಿಸುತ್ತಿರುವವರು: ನೀರು ಇಳಿದಿದ್ದರೆ ಕೀಲಿನ ಮೇಲೆ ಇನ್ನೊಂದು ಸಲ ಸಾಲ್ವೆಂಟ್ ಬಳಿದರೆ ಸಾಕೇ?

ಪ್ಲಂಬರ್, ಹಾಸನ: ಸಾಕಾಗಲ್ಲ ಸಾರ್. ಹೊರಗೆ ಬಳಿದದ್ದು ಒಳಗಿನ ಸಂದಿಗೆ ಹೋಗುವುದಿಲ್ಲ. ಆ ಕೀಲನ್ನು ಕತ್ತರಿಸಿ ತೆಗೆದು, ಹೊಸ ತುಂಡು, ಅದನ್ನು ಜೋಡಿಸುವ ಕಪ್ಲರ್ ಹಾಕಿಸಿ. ಆಮೇಲೆ ಮತ್ತೆ 24 ಗಂಟೆ.