ಹಿಮಾಚಲದ ಸ್ಪಿತಿಯ ಕರಿ ಶೇಲ್ ಮೇಲೆ ಬಿಳಿ ಪುಡಿ, ಒರೆಸಿದರೂ ಮತ್ತೆ ಬರುತ್ತದೆ

ಕಲ್ಯಾಣಪುರ_ಕಲ್ಲು:
ತಲೆ ಕೆಟ್ಟುಹೋಗಿದೆ ಮಾರಾಯ್ರೇ. ಪರ್ಮಿಯನ್ ಕಾಲದ ಕೊನೆಯ ಕರಿ ಶೇಲ್, ಅಂದರೆ ಕೆಸರು ಗಟ್ಟಿಯಾಗಿ ಆದ ಪದರಗಲ್ಲು, ಒಂದು ತುಂಡು ಉಂಟು. ಮಳೆ ಶುರುವಾದ ಮೇಲೆ ಮೈಯೆಲ್ಲ ಬಿಳಿ, ಹಳದಿ ಪುಡಿ. ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿದೆ. ಏನು ಹಚ್ಚಬೇಕು, ಅಷ್ಟೇ ಹೇಳಿ.

ಪಣಂಬೂರು_ಹರಳು:
ಉಪ್ಪು. ಸಮುದ್ರದ ಗಾಳಿ ನಮ್ಮ ಗೇಟನ್ನೇ ತಿಂದುಹಾಕಿದೆ, ಕಲ್ಲನ್ನು ಬಿಡುತ್ತದಾ? ಬಾವಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ.

ಮಣಿಪಾಲ_ಲೆನ್ಸ್:
ನೆನೆಸಬೇಡಿ! ಎಲ್ಲಿಟ್ಟಿದ್ದೀರಿ? ವಾಸನೆ ಉಂಟಾ?

ಕಲ್ಯಾಣಪುರ_ಕಲ್ಲು:
ಎಲ್ಲಿಡುವುದು, ಕಪಾಟಿನಲ್ಲೇ. ಗಂಧಕದ ವಾಸನೆ ಸ್ವಲ್ಪ ಉಂಟು. ಅಡಿಯಲ್ಲಿದ್ದ ಚೀಟಿ ಕಂದು ಬಣ್ಣಕ್ಕೆ ತಿರುಗಿ ತೂತು ಬಿದ್ದಿದೆ.

ಪಣಂಬೂರು_ಹರಳು:
ಉಪ್ಪೇ. ನಾಲಿಗೆಗೆ ಮುಟ್ಟಿಸಿ ನೋಡಿ.

ಮಣಿಪಾಲ_ಲೆನ್ಸ್:
ಮುಟ್ಟಿಸಬೇಡಿ. ಉಪ್ಪು ಚೀಟಿಯನ್ನು ಸುಡುವುದಿಲ್ಲ, ಆಮ್ಲ ಸುಡುತ್ತದೆ. ಇದು ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಕೊಳೆಯುವುದು. 25.2 ಕೋಟಿ ವರ್ಷದ ಹಿಂದೆ, ಪರ್ಮಿಯನ್ ಮುಗಿಯುವಾಗ, ಸೈಬೀರಿಯಾದಲ್ಲಿ ಲಾವಾ ಉಕ್ಕಿದ ಕಾಲದಲ್ಲಿ, ಎಷ್ಟೋ ಕಡೆ ಸಮುದ್ರದ ನೀರಿನಲ್ಲಿ ಆಮ್ಲಜನಕ ಇಳಿಯಿತು. ಹೈಡ್ರೋಜನ್ ಸಲ್ಫೈಡ್ ಕಬ್ಬಿಣದ ಜತೆ ಸೇರಿ ಪೈರೈಟ್ ಆಯಿತು. ಕೆಲವು ಮೈಕ್ರಾನ್‌ನ ಹರಳು ಗೊಂಚಲು, ಫ್ರಾಂಬಾಯ್ಡ್. ಅದರ ಗಾತ್ರ ಅಳೆದೇ ಆಗಿನ ನೀರು ಎಷ್ಟು ಕೆಟ್ಟಿತ್ತು ಎಂದು ಹೇಳುತ್ತಾರೆ. ಸಣ್ಣದಾದಷ್ಟೂ ಗಾಳಿಗೆ ಸಿಗುವ ಮೈ ಜಾಸ್ತಿ. ತೇವ ಸಿಕ್ಕಿದರೆ ಕಬ್ಬಿಣದ ಸಲ್ಫೇಟ್, ಗಂಧಕಾಮ್ಲ. ಹಳದಿ ಪುಡಿ ಜಾರೋಸೈಟ್ ಎಂಬ ಕಬ್ಬಿಣದ ಸಲ್ಫೇಟ್ ಖನಿಜ ಇರಬಹುದು. ಶೇಲ್‌ನಲ್ಲಿ ಕ್ಯಾಲ್ಸೈಟ್ (ಸುಣ್ಣದ ಖನಿಜ) ಇದ್ದರೆ ಆಮ್ಲ ಅದರ ಜತೆ ಸೇರಿ ಜಿಪ್ಸಮ್ ಮಾಡುತ್ತದೆ. ಆ ಹರಳು ಬೆಳೆದೇ ಪದರ ಬಿಚ್ಚುವುದು.

ಮಲ್ಪೆ_ದೋಣಿ:
ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಡೈನೋಸಾರ್ ಸತ್ತಾಗಿನದ್ದು ಅಲ್ವಾ?

ಮಣಿಪಾಲ_ಲೆನ್ಸ್:
ಅಲ್ಲ. ಅದು ಮಡಗಾಸ್ಕರ್ ಬೇರೆಯಾಗುವಾಗಿನ ಲಾವಾ, ಸುಮಾರು 8.8 ಕೋಟಿ ವರ್ಷ. ಡೈನೋಸಾರ್ ಹೋದದ್ದು 6.6 ಕೋಟಿಯಲ್ಲಿ. ಇಲ್ಲಿ ಅದು ಬೇಡ.

ಮಲ್ಪೆ_ದೋಣಿ:
ಕೇಳಿದ್ದು ತಪ್ಪಾಯಿತಾ?

ಕಲ್ಯಾಣಪುರ_ಕಲ್ಲು:
ಪ್ರಶ್ನೆ ನನ್ನದು! ನೈಲ್ ಪಾಲಿಶ್ ಹಚ್ಚಿದರೆ ನಿಲ್ಲುತ್ತದಾ? ಮೊದಲೇ ವಿನೆಗರ್‌ನಲ್ಲಿ ಅದ್ದಿ ತೊಳೆದು ಇಟ್ಟದ್ದು, ಕ್ಲೀನಾಗಿಯೇ ಇತ್ತು.

ಮಣಿಪಾಲ_ಲೆನ್ಸ್:
ವಿನೆಗರ್ ಅಂತ ಈಗ ಹೇಳುತ್ತೀರಾ! ಆಮ್ಲವನ್ನು ತಡೆಯುತ್ತಿದ್ದ ಕ್ಯಾಲ್ಸೈಟ್ ಅದರಲ್ಲೇ ಕರಗಿತು. ಒಳಗೆ ನೀರೂ ಇಳಿಯಿತು. ಪಾಲಿಶ್ ಹಚ್ಚಿದರೆ ಆಮ್ಲ ಒಳಗೇ ಉಳಿಯುತ್ತದೆ. ಒಣ ಬ್ರಶ್‌ನಿಂದ ಪುಡಿ ಉದುರಿಸಿ, ಕೈಗೆ ಗ್ಲೌಸ್ ಇರಲಿ. ಮ್ಯೂಸಿಯಂನವರು ಅಮೋನಿಯಾ ಹಬೆ ಕೊಟ್ಟು ಆಮ್ಲ ತಣಿಸುತ್ತಾರೆ. ಮನೆಯೊಳಗೆ ಅದನ್ನು ಮಾಡಲು ಹೋಗಬೇಡಿ. ನೀವು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಒಳಗೊಂದು ಸಣ್ಣ ಹೈಗ್ರೋಮೀಟರ್, ಗಾಳಿಯ ತೇವ ಅಳೆಯಲು. ತೇವ ಶೇಕಡಾ 60 ದಾಟಿದರೆ ಕೊಳೆಯುವುದು ಜೋರಾಗುತ್ತದೆ, 45ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಕಪಾಟಿನಲ್ಲಿ ಅದು ಸಾಧ್ಯವೇ ಇಲ್ಲ. ಬೇರೆ ಮಾದರಿಗಳನ್ನು ಅದರಿಂದ ದೂರ ಇಡಿ, ಚೀಟಿಯನ್ನು ಹೊರಗೆ ಅಂಟಿಸಿ. ಉದುರಿದ್ದು ವಾಪಸ್ ಬರುವುದಿಲ್ಲ.

ಪಣಂಬೂರು_ಹರಳು:
ನನ್ನ ಕಲ್ಲುಗಳೆಲ್ಲ ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್‌ನಲ್ಲಿ, ಸದಾ 40. ಕಡೂರು ಕಡೆಯ ಗಾರ್ನೆಟ್ ಎಷ್ಟು ಹೊಳೆಯುತ್ತದೆ ಗೊತ್ತಾ? ಆದರೂ ಇದು ಉಪ್ಪೇ ಅನ್ನಿಸುತ್ತದೆ.

ಮಲ್ಪೆ_ದೋಣಿ:
ಆ ಕ್ಯಾಬಿನೆಟ್ ಎಷ್ಟಕ್ಕೆ ಸಿಕ್ಕಿತು? ಕರೆಂಟು ಹೋದರೆ ಏನು ಮಾಡುತ್ತೀರಿ?

ಪಣಂಬೂರು_ಹರಳು:
ಇನ್ವರ್ಟರ್ ಉಂಟಲ್ಲ. ಫೋಟೋ ಹಾಕುತ್ತೇನೆ ಇರಿ.

ಕಲ್ಯಾಣಪುರ_ಕಲ್ಲು:
ಸಿಲಿಕಾ ಜೆಲ್ ನೀಲಿಯದ್ದಾ, ಕಿತ್ತಳೆಯದ್ದಾ? ಯಾರಾದರೂ ಹೇಳಿ.