ರಿಂಗ್ ರೋಡ್ ಆಚೆ 140 ತಗಡಿನ ಮನಿ: ಹಕ್ಕುಪತ್ರಕ್ಕ ಎಲ್ಲಿಂದ ಶುರು ಮಾಡಬೇಕ್ರಿ?

ತಗಡಿನ ಮನಿ:
ಎಲ್ಲರಿಗೂ ಶರಣಾರ್ಥಿ. ನಮ್ಮದು ಕಲಬುರಗಿ ರಿಂಗ್ ರೋಡ್ ಆಚೆ ಓಣಿ. 140ರ ಸುಮಾರು ಮನಿ ಅವ, ಹೆಚ್ಚಿನವು ತಗಡಿನವು, ಕೆಲವು ಪರಸಿ (ಕಲ್ಲಿನ ಚಪ್ಪಡಿ) ಹಾಕಿದವು. ಗಂಡಸರು ಗಂಜ್‌ನ್ಯಾಗ (ಕಾಳಿನ ಮಾರುಕಟ್ಟಿ) ಹಮಾಲಿ ಮಾಡ್ತಾರ, ಹೆಣ್ಮಕ್ಕಳು ದಾಲ್ ಮಿಲ್ಲಿಗೆ, ಮನಿಗೆಲಸಕ್ಕ ಹೋಗ್ತಾರ. ಹಕ್ಕುಪತ್ರ ಒಬ್ಬರಿಗೂ ಇಲ್ಲ. ಒಂದು ಕಚೇರಿಗೆ ಹೋದ್ರ ಇನ್ನೊಂದಕ್ಕ ಹೋಗ್ರಿ ಅಂತಾರ. ಮಹಿಳಾ ಸಂಘದಿಂದ ಕೂಡಿ ಮನವಿ ಕೊಡಬೇಕಂತ ಮಾಡೀವಿ. ಮನಿ ಕೇಳಬೇಕೋ, ಜಾಗ ಕೇಳಬೇಕೋ? ಯಾರ ಹೆಸರಿಗೆ ಬರೀಬೇಕು? ಊರಿನ ಮಹಾಯೋಜನೆ (ಮಾಸ್ಟರ್ ಪ್ಲ್ಯಾನ್) ನಕ್ಷೆಯೊಳಗ ನಮ್ಮ ಓಣಿ ಬರಬೇಕಂದ್ರ ಏನು ಮಾಡಬೇಕು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಪಹಣಿ ನೋಡಾವ:
ಅಕ್ಕಾರ, ಮನವಿ ಆಮ್ಯಾಲ. ಮೊದಲು ನಿಮ್ಮ ಕಾಲ ಕೆಳಗಿನ ನೆಲ ಯಾರ ಹೆಸರಿನ್ಯಾಗ ಅದ ನೋಡ್ರಿ. ಯೋಜನೆ ಎಷ್ಟೇ ಇರಲಿ, ಹಾದಿ ತೋರಸೋದು ಸರ್ವೆ ನಂಬರ್. ಫೋನಿನ್ಯಾಗ ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರಸ್ತದ) ಹಾಕ್ಕೊಂಡು ಓಣಿಯ ನಾಲ್ಕೂ ಮೂಲ್ಯಾಗ ನಿಂತು ನೋಡ್ರಿ. ಒಂದೇ ಕಡೆ ನಿಂತು ನೋಡಿ ಬಿಟ್ರ ಸಾಲದು. ಇಂಥ ಓಣಿ ಎರಡು ಮೂರು ಸರ್ವೆ ನಂಬರಿನ ಮ್ಯಾಲ ಹರಡಿರ್ತದ. ಆಮ್ಯಾಲ ಭೂಮಿ ಜಾಲತಾಣದಾಗ ಪಹಣಿ ತೆಗೀರಿ. 9ನೇ ಕಾಲಂನ್ಯಾಗ ಮಾಲೀಕರ ಹೆಸರು, 11ರಾಗ ಹಕ್ಕು-ಋಣ. ಬ್ಯಾಂಕ್ ಸಾಲ, ಕೋರ್ಟ್ ತಡೆ ಇವೆಲ್ಲ 11ರಾಗ ಕುಂತಿರ್ತಾವ. ಬಹಳ ಮಂದಿ 9 ಓದಿ ಪಹಣಿ ಮಡಚಿ ಕಿಸೆಕ್ಕ ಇಡ್ತಾರ, ಅಲ್ಲೇ ತಪ್ಪೋದು.

ಸರ್ಕಾರಿ ಅಥವಾ ಗಾಯರಾಣ (ದನ ಮೇಯೋ ಸರ್ಕಾರಿ ಜಾಗ) ಅಂತ ಇದ್ರ ಭೂಕಂದಾಯ ಕಾಯ್ದೆಯ 94-ಸಿಸಿ ಹಾದಿ ಅದ. ಅದು ನಗರ ಭಾಗದಾಗ ಸರ್ಕಾರಿ ಜಾಗದ ಮ್ಯಾಲ ಕಟ್ಟಿಕೊಂಡ ವಾಸದ ಮನಿ ಸಕ್ರಮ ಮಾಡೂದು, ಅರ್ಜಿ ಹೋಗೋದು ತಹಶೀಲ್ದಾರರಿಗೆ. ಅರ್ಜಿಗೂ ಗಡುವು ಇರ್ತದ, ಮನಿ ಯಾವಾಗಿನಿಂದ ಅದ ಅನ್ನೋದಕ್ಕೂ ಗಡುವು ಇರ್ತದ. ಹಂಗಾಗಿ ಹಳೇ ಕಾಗದ ಈಗ್ಲೇ ಕೂಡಿಸ್ರಿ: ಜೆಸ್ಕಾಂನ ಭಾಗ್ಯಜ್ಯೋತಿ ಕರೆಂಟ್ ಬಿಲ್ಲು, ಹಳೇ ರೇಷನ್ ಕಾರ್ಡ್, ಮತದಾರರ ಪಟ್ಟಿ, ಮಕ್ಕಳ ಶಾಲಿ ದಾಖಲಾತಿ. ನಾಲಾ, ಕೆರಿ, ರಸ್ತೆ ಜಾಗದ ಮ್ಯಾಲ ಇದ್ದ ಮನಿ ಸಕ್ರಮ ಆಗೂದಿಲ್ಲ. ರೈಲ್ವೆ ಜಾಗ ಆದ್ರ ರಾಜ್ಯದವರು ಹಕ್ಕುಪತ್ರ ಕೊಡಾಕ ಬರೂದಿಲ್ಲ. ಅಲ್ಲಿ ಕೇಳಬೇಕಾದ್ದು ಪುನರ್ವಸತಿ. ಖಾಸಗಿ ಜಾಗ ಆದ್ರ ಕೊಳಗೇರಿ ಘೋಷಣೆ ಹಾದಿ. ಅದನ್ನ ಬಲ್ಲವರು ಹೇಳಲಿ.

ಮೂರನೇ ಕಲಂ:
ಅದನ್ನು ನಾನು ಮುಂದುವರಿಸುತ್ತೇನೆ. ಕರ್ನಾಟಕ ಕೊಳಗೇರಿ ಪ್ರದೇಶಗಳ ಕಾಯ್ದೆ 1973ರದು. ಅದರ 3ನೇ ಕಲಂ ಪ್ರಕಾರ ಒಂದು ಜನವಸತಿಯನ್ನು ಕೊಳಗೇರಿ ಎಂದು ಘೋಷಿಸಬಹುದು. ಜಾಗ ಸರ್ಕಾರದ್ದಾಗಲಿ, ಖಾಸಗಿಯದಾಗಲಿ ನಡೆಯುತ್ತದೆ. 11ನೇ ಕಲಂ ಬೇರೆಯೇ: ಅದು ನಿರ್ಮೂಲನಾ ಪ್ರದೇಶ ಎಂಬ ಘೋಷಣೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ ದಾರಿ. ಯಾರಾದರೂ ಒಪ್ಪಿಗೆ ಸಹಿ ಕೇಳಿದರೆ ಯಾವ ಕಲಂ ಎಂದು ಮೊದಲು ಓದಿ. ಕೆಡವುವ ಮಾತು ಬಂದರೆ ಮೂರು ವಿಷಯ ಬರವಣಿಗೆಯಲ್ಲಿ ಇರಲೇಬೇಕು: ಫಲಾನುಭವಿಗಳ ಪಟ್ಟಿ ಹೆಸರು ಸಮೇತ, ಕಟ್ಟುವ ತನಕ ಇರುವ ಜಾಗ, ಹೊಸ ಮನೆ ಯಾವ ಸರ್ವೆ ನಂಬರಿನಲ್ಲಿ ಎಂಬುದು.

ಘೋಷಣೆಯಾದರೆ ಹಕ್ಕುಪತ್ರ ಸಿಕ್ಕಂತೆ ಎಂದು ಓಣಿಗಳಲ್ಲಿ ಮಾತಿದೆ. ಹಾಗಲ್ಲ. ಘೋಷಣೆಯಿಂದ ನೀರು, ಚರಂಡಿ, ರಸ್ತೆಗೆ ಹಣ ಹಾಕಲು ದಾರಿಯಾಗುತ್ತದೆ, ಏಕಾಏಕಿ ಬಾಡಿಗೆದಾರರನ್ನು ಎಬ್ಬಿಸುವುದಕ್ಕೆ ತಡೆ ಬೀಳುತ್ತದೆ, ಖಾಸಗಿ ಜಾಗವನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲು ಅವಕಾಶ ಬರುತ್ತದೆ. ಹಕ್ಕುಪತ್ರ ಅದರ ಮುಂದಿನ ಮೆಟ್ಟಿಲು.

ಅರ್ಜಿ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಲಬುರಗಿ ಕಚೇರಿಗೆ, ಪ್ರತಿ ಜಿಲ್ಲಾಧಿಕಾರಿಗಳಿಗೂ ಪಾಲಿಕೆ ಆಯುಕ್ತರಿಗೂ. ಲಗತ್ತಿಸಬೇಕಾದದ್ದು: ಪಹಣಿ, ಕೈಯಲ್ಲಿ ಬರೆದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನಕ್ಷೆ, ಕುಟುಂಬಗಳ ಪಟ್ಟಿ, ಎಷ್ಟು ಮನೆಗೆ ಒಂದು ನಲ್ಲಿ, ಎಷ್ಟು ಮನೆಗೆ ಶೌಚಾಲಯ ಇಲ್ಲ ಎಂಬ ಲೆಕ್ಕ, ಹತ್ತಾರು ಫೋಟೊ. ಪ್ರಸ್ತಾವಗಳು ವಾಪಸ್ ಬರುವ ದೊಡ್ಡ ಕಾರಣ ಹಿಸ್ಸಾ ನಂಬರ್ (ಸರ್ವೆ ನಂಬರಿನ ಒಳಭಾಗದ ಸಂಖ್ಯೆ). ಸ.ನಂ. 42/2 ಎಂದು ಬರೆಯುವ ಕಡೆ ಬರೀ 42 ಎಂದು ಬರೆದರೆ, ಪಕ್ಕದ ಹೊಲದವರು ತಕರಾರು ಹಾಕಿದ ದಿನವೇ ಫೈಲು ನಿಲ್ಲುತ್ತದೆ. ವಿಸ್ತೀರ್ಣವನ್ನು ಎಕರೆ-ಗುಂಟೆಯಲ್ಲೇ ಬರೆಯಿರಿ. ಕೊನೆಗೆ ರಾಜ್ಯಪತ್ರದ ಅಧಿಸೂಚನೆಯ ಪ್ರತಿ ಕೈಗೆ ಬರಬೇಕು. ಪತ್ರಿಕೆಯಲ್ಲಿ ಸುದ್ದಿ ಬಂತೆಂದು ಪೇಢಾ ಹಂಚಬೇಡಿ.

ನಕ್ಷೆ ಓದುವವ:
ಮಹಾಯೋಜನೆಯ ಪ್ರಶ್ನೆಗೆ. ಕಲಬುರಗಿಗೆ ಯೋಜನಾ ಪ್ರಾಧಿಕಾರ ಎಂದರೆ ನಗರಾಭಿವೃದ್ಧಿ ಪ್ರಾಧಿಕಾರ (ಕುಡಾ), ಪಾಲಿಕೆಯಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆ ಪರಿಷ್ಕರಣೆಯಾಗಬೇಕು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ. ಕೇಳುವುದಕ್ಕೆ ಬಹಳ ದಿನ ಎನಿಸುತ್ತದೆ, ಆದರೆ ನಕ್ಷೆಯ ಹಾಳೆ ಹುಡುಕಿ, ಸರ್ವೆ ನಂಬರ್ ಗುರುತಿಸಿ, ಪಹಣಿ ತೆಗೆಸುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಮೊದಲಿನ ಉತ್ತರದಲ್ಲಿ ಹೇಳಿದ ಕೆಲಸ ಕರಡು ಬರುವ ಮೊದಲೇ ಆಗಿರಬೇಕು ಎನ್ನುವುದು ಇದಕ್ಕೇ.

ನಕ್ಷೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಉದ್ಯಾನ. ಬಡವರ ಓಣಿಗೆ ಆಗುವ ಅನಾಹುತ ಎರಡು. ಒಂದು, ಮನೆಗಳಿದ್ದರೂ ಖಾಲಿ ಸರ್ಕಾರಿ ಜಾಗವೆಂದು ಹಸಿರು ಬಳಿಯುವುದು. ಇನ್ನೊಂದು, ಪ್ರಸ್ತಾವಿತ ರಸ್ತೆಯ ಗೆರೆ ಓಣಿಯ ನಡುವೆ ಹಾಯುವುದು. ರಸ್ತೆಯ ಗೆರೆ ತೆಳ್ಳಗೆ ಕಾಣುತ್ತದೆ. ಸೂಚಿಯಲ್ಲಿ ಅದರ ಅಗಲ ಎಷ್ಟು ಮೀಟರ್ ಎಂದು ನೋಡಿ, ಆ ಅಗಲವನ್ನು ಓಣಿಯಲ್ಲಿ ಹಗ್ಗ ಹಿಡಿದು ಅಳೆಯಿರಿ. ಆಗ ಎಷ್ಟು ಮನೆ ಹೋಗುತ್ತವೆ ಎಂದು ಕಣ್ಣಿಗೆ ಕಾಣುತ್ತದೆ.

ಆಕ್ಷೇಪಣೆ ಒಂದು ಪುಟ ಸಾಕು. ಹೀಗೆ: "ಹಾಳೆ ಸಂಖ್ಯೆ ಇಷ್ಟು, ಗ್ರಾಮ ಇಂಥದ್ದು, ಸ.ನಂ. ಇಂಥದ್ದು, ವಿಸ್ತೀರ್ಣ ಇಷ್ಟು. ಕರಡಿನಲ್ಲಿ ಉದ್ಯಾನವೆಂದು ತೋರಿಸಿದೆ. ಸದರಿ ಜಾಗದಲ್ಲಿ 140 ಕುಟುಂಬಗಳು ವಾಸವಾಗಿವೆ, ಪಟ್ಟಿ ಮತ್ತು ಫೋಟೊ ಲಗತ್ತಿಸಿದೆ. ಇದನ್ನು ವಸತಿ ವಲಯವೆಂದು ಬದಲಿಸಲು ಕೋರುತ್ತೇವೆ." ಅಷ್ಟೇ. ಒಂದೇ ಮಾತಿನ 200 ಜೆರಾಕ್ಸ್ ಕೊಟ್ಟರೆ ಕಚೇರಿಯಲ್ಲಿ ಅದನ್ನು ಒಂದೇ ಆಕ್ಷೇಪಣೆ ಎಂದು ಕಟ್ಟಿಡುತ್ತಾರೆ. ರಸ್ತೆಗೆ ಒಂದು, ವಲಯಕ್ಕೆ ಒಂದು, ಅಂಗನವಾಡಿ ಜಾಗಕ್ಕೆ ಒಂದು ಎಂದು ಬೇರೆಬೇರೆ ಕೊಡಿ. ಟಪಾಲು ವಿಭಾಗದ ಸೀಲು ಮತ್ತು ಇನ್‌ವರ್ಡ್ ನಂಬರ್ ಇಲ್ಲದ ಪ್ರತಿ ರದ್ದಿ ಕಾಗದ.

ಯೋಜನೆ ಅಂತಿಮವಾದ ಮೇಲೂ 14-ಎ ಕಲಂ ಕೆಳಗೆ ಭೂಬಳಕೆ ಬದಲಾವಣೆ ನಡೆಯುತ್ತಲೇ ಇರುತ್ತದೆ. ಅದಕ್ಕೆ ಪತ್ರಿಕಾ ಪ್ರಕಟಣೆ ಕೊಟ್ಟು 15 ದಿನ ಆಕ್ಷೇಪಣೆ ಕರೆಯುತ್ತಾರೆ. ಒಳಪುಟದ ಸಣ್ಣ ಜಾಹೀರಾತು ಅದು. ಓಣಿಯಲ್ಲಿ ಓದು ಬಲ್ಲ ಒಬ್ಬ ಹುಡುಗಿಗೆ ದಿನಾ ಅದನ್ನು ನೋಡುವ ಕೆಲಸ ಒಪ್ಪಿಸಿ.

ಜಾಗ ಕೇಳುವುದಾದರೆ ಲೆಕ್ಕ ಹಾಕಿ ಕೇಳಿ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟು ನಿವೇಶನಕ್ಕೆ ಉಳಿಯುವುದು ಶೇ 55ರ ಆಸುಪಾಸು. 20x30 ಅಡಿಯದಾದರೆ ಎಕರೆಗೆ ಸುಮಾರು 40 ನಿವೇಶನ. 140 ಕುಟುಂಬಕ್ಕೆ ಮೂರೂವರೆ ಎಕರೆ. "ನಮಗೆ ಜಾಗ ಕೊಡಿ" ಎನ್ನುವುದಕ್ಕಿಂತ "ಇಂಥ ಸರ್ವೆ ನಂಬರಿನಲ್ಲಿ ಮೂರೂವರೆ ಎಕರೆ ಕಾದಿರಿಸಿ" ಎಂದರೆ ಅಧಿಕಾರಿ ಹೌದು ಅಥವಾ ಇಲ್ಲ ಎಂದು ಬರೆಯಲೇಬೇಕಾಗುತ್ತದೆ. ಆ ಜಾಗ ಗಂಜ್‌ನಿಂದ ಎಷ್ಟು ದೂರ ಎಂಬುದನ್ನೂ ಬರೆಯಿರಿ. ನಸುಕಿನಲ್ಲಿ ಲಾರಿ ಇಳಿಸುವ ಹಮಾಲರಿಗೆ ಊರಾಚೆ ಎಂಟು ಕಿಲೋಮೀಟರ್ ದೂರದ ಮನೆ ಕೊಟ್ಟರೆ, ಆ ಮನೆ ಬಾಡಿಗೆಗೆ ಹೋಗಿ ಅವರು ಮತ್ತೆ ಗಂಜ್ ಹಿಂದೆಯೇ ತಗಡು ಹಾಕುತ್ತಾರೆ.

ಪಟ್ಟಿ ಮಾಡಾಕಿ:
ಕುಟುಂಬದ ಪಟ್ಟಿ ಅಂದ್ರಲ್ಲ, ಅದು ಹಗುರ ಕೆಲಸ ಅಲ್ರಿ. ಮೊದಲು ಬಾಗಿಲ ಮ್ಯಾಲ ಬಣ್ಣದಾಗ ನಂಬರ್ ಬರೀರಿ, ಆಮ್ಯಾಲ ಪಟ್ಟಿ. ಕಾಲಂ ಇಷ್ಟಿರಲಿ: ಬಾಗಿಲ ನಂಬರ್, ಮನಿ ಯಜಮಾನತಿ ಹೆಸರು ಆಧಾರ್‌ನ್ಯಾಗ ಇದ್ದಂಗ, ರೇಷನ್ ಕಾರ್ಡಿನ್ಯಾಗ ಇದ್ದಂಗ, ಗ್ವಾಡಿ ಎದರದು, ಛತ್ತು ಎದರದು, ಸ್ವಂತವೋ ಬಾಡಿಗಿಯೋ, ಎಷ್ಟು ವರ್ಷ ಆತು, ಜಾತಿ-ಆದಾಯ ಪ್ರಮಾಣಪತ್ರದ ಮ್ಯಾಲಿನ ಆರ್‌ಡಿ ನಂಬರ್. ಒಂದೇ ತಗಡಿನ ಕೆಳಗ ಎರಡು ಒಲಿ ಇದ್ರ ಎರಡು ಸಾಲು ಬರೀರಿ. ಆಧಾರ್‌ನ್ಯಾಗ "ಶರಣಮ್ಮ", ರೇಷನ್ನಿನ್ಯಾಗ "ಶರಣಬಾಯಿ" ಅಂತ ಇದ್ರ ಈಗ್ಲೇ ತಿದ್ದಿಸ್ರಿ. ಹಣ ಬಿಡುಗಡೆ ಹೊತ್ತಿಗೆ ಅದೇ ಕಾಲಿಗೆ ತೊಡರ್ತದ. ಮನಿ ಹೆಣ್ಮಗಳ ಹೆಸರಿನ್ಯಾಗ ಇಲ್ಲ ಗಂಡ-ಹೆಂಡತಿ ಜಂಟಿ ಹೆಸರಿನ್ಯಾಗ ಇರಬೇಕು ಅನ್ನೋದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಿಯಮ.

ಪರಸಿ ಛತ್ತಿನ ಮನಿ ಬಗ್ಗೆ ಹುಷಾರು. ಗಣತಿಯೊಳಗ ಕಲ್ಲಿನ ಛತ್ತು ಪಕ್ಕಾ ಲೆಕ್ಕಕ್ಕ ಬರ್ತದ. ಮಣ್ಣಿನ ಗಾರೆಯ ಗ್ವಾಡಿ, ಮ್ಯಾಲ ನಾಕು ಶಹಾಬಾದ್ ಪರಸಿ ಹಾಸಿದ್ರೂ ಸರ್ವೆಗೆ ಬಂದವರು "ಪಕ್ಕಾ" ಅಂತ ಒತ್ತಿಬಿಟ್ರ ಆ ಕುಟುಂಬ ಹೊರಗ. ಗ್ವಾಡಿಯ ಫೋಟೊ ಸಮೀಪದಿಂದ ತೆಗೆದು ಪಟ್ಟಿಗೆ ಹಚ್ಚಿ, "ಮಣ್ಣಿನ ಗಾರೆ" ಅಂತ ಬರಸ್ರಿ.

ಮತ್ತೊಂದು, ಬ್ಯಾಸಗ್ಯಾಗ ಪಟ್ಟಿ ಮಾಡಬ್ಯಾಡ್ರಿ. ಅರ್ಧ ಓಣಿ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಾಕ ಹೋಗಿರ್ತದ, ಕೀಲಿ ಹಾಕಿದ ಮನಿ ಅಂತ ಬಿಟ್ಟುಹೋಗ್ತದ. ಮೊಹರಂ ಇಲ್ಲ ಪಂಚಮಿಗೆ ಎಲ್ಲಾರೂ ಊರಿಗೆ ಬಂದಾಗ ಮಾಡ್ರಿ.

ಹಳೇ ಎಂಜಿನಿಯರ್:
ಹಣದ ಲೆಕ್ಕ. 2024ರ ಸೆಪ್ಟೆಂಬರ್ 1ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ಪಿಎಂಎವೈ) ನಗರ 2.0 ಜಾರಿಯಲ್ಲಿದೆ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೂ ಸಮೂಹ ವಸತಿಯ ಮನೆ ಪಡೆಯುವವರಿಗೂ ಕೇಂದ್ರದ ಪಾಲು ₹1.5 ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಆರ್ಥಿಕವಾಗಿ ದುರ್ಬಲ ವರ್ಗವೆಂದರೆ ವರ್ಷಕ್ಕೆ ₹3 ಲಕ್ಷದೊಳಗಿನ ಆದಾಯ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸ್ವಂತವಾಗಿ ಕಟ್ಟುವ ಭಾಗಕ್ಕೆ ಹಕ್ಕುಪತ್ರವೋ ಖಾತೆಯೋ ಬೇಕೇ ಬೇಕು. ನಿಮ್ಮ ಓಣಿ ಸಿಕ್ಕಿಬಿದ್ದಿರುವುದು ಅಲ್ಲೇ. ಜಾಗವಿಲ್ಲದವರಿಗೆ ಸಮೂಹ ವಸತಿ: ಒಂದು ಮನೆ 30 ಚದರ ಮೀಟರಿನದಾದರೆ ಒಳ ಅಳತೆ ಸುಮಾರು 323 ಚದರಡಿ. ಇದರಲ್ಲಿ ಫಲಾನುಭವಿಯ ವಂತಿಗೆ ಇರುತ್ತದೆ. ಅದನ್ನು ಯಾವ ಮಧ್ಯವರ್ತಿಯ ಕೈಗೂ ನಗದಾಗಿ ಕೊಡಬೇಡಿ, ಕಟ್ಟಿಸುವ ಸಂಸ್ಥೆಯ ಹೆಸರಿಗೆ ಡಿಡಿ, ರಸೀದಿ ಎರಡೂ ಇರಲಿ.

ಕಂತುಗಳು ಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಛತ್ತು, ಮುಕ್ತಾಯ ಎಂದು ಹಂತ ಹಂತವಾಗಿ, ಜಿಪಿಎಸ್ ಫೋಟೊ ಹಾಕಿದ ಮೇಲೆ ಬರುತ್ತವೆ. ಅಂದರೆ ಪಾಯ ಸ್ವಂತ ದುಡ್ಡಿನಲ್ಲಿ. ನಮ್ಮ ಎರೆ ಮಣ್ಣಿನಲ್ಲಿ ಸೋಲುವುದು ಇಲ್ಲಿಯೇ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಎರಡಡಿ ಪಾಯ ಹಾಕಿದರೆ ಎರಡನೇ ವರ್ಷ ಕಿಟಕಿ ಮೂಲೆಯಿಂದ ಗೋಡೆ ಸೀಳುತ್ತದೆ. ಗಟ್ಟಿ ಮೊರಂ (ಗರಸು ಮಣ್ಣು) ಸಿಗುವ ತನಕ ಅಗೆಯಬೇಕು, ತೆಗೆದ ಎರೆ ಮಣ್ಣನ್ನೇ ತುಂಬದೆ ಮೊರಂ ತುಂಬಬೇಕು, ಪಾಯದ ಮೇಲೆ ಪ್ಲಿಂತ್ ಬೀಮ್ (ಕಾಂಕ್ರೀಟ್ ತೊಲೆ) ಹಾಕಬೇಕು. ಅನುದಾನದ ಮೊತ್ತಕ್ಕೆ ಮಾತ್ರ ಮಣ್ಣು ಯಾವುದೆಂಬುದು ಗೊತ್ತಿಲ್ಲ. ಹಾಗಾಗಿ ಮನವಿಯಲ್ಲಿ "ಎರೆ ಮಣ್ಣಿನ ಪಾಯಕ್ಕೆ ಹೆಚ್ಚುವರಿ ನೆರವು" ಎಂದು ಬೇರೆ ಸಾಲು ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಶಾಸಕರ ಮೂಲಕ ಇದನ್ನು ಕೇಳಬಹುದು. ಇನ್ನೊಂದು ಮಾತು: ಮಂಜೂರಾದ ಜಾಗ ಬಿಟ್ಟು ಪಕ್ಕದಲ್ಲಿ ಕಟ್ಟಿದರೆ ಜಿಪಿಎಸ್ ಹೊಂದದೆ ಕಂತು ನಿಲ್ಲುತ್ತದೆ.

ಮೂರನೇ ಕಲಂ:
ಪಾಲಿಕೆಯಲ್ಲಿ ಕೇಳಬೇಕಾದ್ದೂ ಇದೆ. ಪಾಲಿಕೆ ನಿಧಿಯಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಬಜೆಟ್ ಪೂರ್ವ ಸಭೆಯಲ್ಲಿ ಓಣಿಯ ಹೆಸರು ಹೇಳಿ ಇದನ್ನು ಕೇಳಿ. ಫಲಾನುಭವಿ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ಅದರ ನಡಾವಳಿಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ, ಶುಲ್ಕ ₹10 (ಬಿಪಿಎಲ್‌ನವರಿಗೆ ಶುಲ್ಕವಿಲ್ಲ). "ಯಾಕೆ ಕೊಡಲಿಲ್ಲ" ಎಂದು ಕೇಳಿದರೆ ಉತ್ತರ ಬರುವುದಿಲ್ಲ, "ನಡಾವಳಿಯ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. 30 ದಿನ ಕಳೆದರೆ ಮೊದಲ ಮೇಲ್ಮನವಿ.

ತೆರವಿನ ನೋಟಿಸ್ ಬಂದರೆ ಅದೇ ದಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಯಾದಗಿರಿ ಕಡೆಯವ:
ನಗರಸಭೆ ಇದ್ದ ಊರಿನವರು ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೂ ಒಂದು ಪ್ರತಿ ಕೊಡ್ರಿ. ಊರ ಹೊರಗಿನ ತಾಂಡಾ ಆದ್ರ ಹಾದಿನೇ ಬ್ಯಾರೆ, ಅದನ್ನ ಕಂದಾಯ ಗ್ರಾಮ ಅಂತ ಮಾಡಸಬೇಕು. 2023ರ ಜನವರಿ 19ಕ್ಕ ಮಳಖೇಡದಾಗ ಹಂಚಿದ ಹಕ್ಕುಪತ್ರ ಆ ಹಾದೀವು.

ತಗಡಿನ ಮನಿ:
ನಾಲ್ಕೂ ಮೂಲ್ಯಾಗ ನಿಂತು ನೋಡಿದ್ವಿ, ಪಹಣಿನೂ ತೆಗೆಸಿದ್ವಿ. ಎರಡು ನಂಬರ್ ಬಂದಾವ: ಒಂದು ಗಾಯರಾಣ, ಒಂದು ಖಾಸಗಿ. ಒಂದೇ ಮನವಿ ಸಾಕೇನ್ರಿ?

ಪಹಣಿ ನೋಡಾವ:
ಸಾಲೂದಿಲ್ರಿ. ಪಟ್ಟಿ ಒಡೆದು ಎರಡು ಮಾಡ್ರಿ: ಗಾಯರಾಣದ ಮನಿಗಳಿಗೆ ತಹಶೀಲ್ದಾರರಿಗೆ ಒಂದು, ಖಾಸಗಿ ಮ್ಯಾಲಿನವಕ್ಕ ಕೊಳಗೇರಿ ಮಂಡಳಿಗೆ ಒಂದು. ಗಡಿ ಮ್ಯಾಲ ಕುಂತ ಮನಿಗಳ ಬಾಗಿಲ ನಂಬರ್ ಎರಡರಾಗೂ ಬರೀರಿ, ಯಾಕಂದ್ರ ಫೋನಿನ ನಕ್ಷೆ ಹತ್ತು ಹೆಜ್ಜಿ ಆಚೀಚಿ ತೋರಸ್ತದ. ಅವಕ್ಕ ಜಂಟಿ ಸರ್ವೆ ಮಾಡಿ ಹದ್ದುಬಸ್ತು (ಗಡಿ ಗುರುತು) ಹಾಕಸ್ರಿ ಅಂತ ತಹಶೀಲ್ದಾರರ ಮನವ್ಯಾಗೇ ಕೇಳ್ರಿ. ಸರ್ವೆಯರ್ ಬಂದ ದಿನ ಓಣ್ಯಾಗ ನಾಲ್ಕು ಮಂದಿನಾದ್ರೂ ಇರ್ರಿ. ಪಂಚನಾಮೆಗೆ ಸಹಿ ಹಾಕೂಕಿಂತ ಮೊದಲು ಅದರಾಗ ಮನಿಗಳ ಸಂಖ್ಯೆ ಬರ್ದಾರೋ, "ಖಾಲಿ ಜಾಗ" ಅಂತ ಬರ್ದಾರೋ ಓದಿಸಿ ಕೇಳ್ರಿ.